ಹೊಟ್ಟೆಗೆ ಹಾಕ್ಕೋ

ಚಪ್ಪಲಿಯೊಳಗೆ ಏನೋ ಕರಕ್ ಎಂದಿತು, ಎಂದದ್ದೇ ಪುಡಿಪುಡಿಯಾಗಿ ಬೆರಳ ಸಂದಿಗೆಲ್ಲ ಸೇರಿಕೊಂಡಿತು, ಜಿರಳೆಯೋ ಏನೋ, ಅಯ್ಯೋ ಜಿರಳೆ ಮಾತ್ರ ಆಗದಿರಲಿ, ಈ ಹಾಳು ಚಳಿಗೆ ಜಿರಳೆ ಎಲ್ಲಿಂದ ಬರಬೇಕು, ಅವಕ್ಕೂ ಬುದ್ಧಿಯಿದೆ, ಯಾರ ಮನೆಯ ಹೀಟರು ನೆಟ್ಟಗಿದೆಯೋ ಅಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಿರುತ್ತವೆ — ಬಗ್ಗಿ ನೋಡೋಣವೆಂದರೆ ಅವಳು ತನ್ನ ಪಾದ ನೋಡಿ ಯಾವ ಕಾಲವಾಯಿತು, ಕೆಳಗೆ ನೋಡಿದರೆ ಹೊಟ್ಟೆ, ಹೊಟ್ಟೆಯಾಚೆ ಇನ್ನೂ ಹೊಟ್ಟೆ, ಅದರಾಚೆ ಎಲ್ಲೋ ತನ್ನವೇ ಎರಡು ಪಾದಗಳಿವೆ ಎನ್ನುವುದು ಬರೀ ನಂಬಿಕೆಯ ಮೇಲೆ ನಡೆಯುತ್ತಿರುವ ವ್ಯವಹಾರ. ಗೋಡೆ ಹಿಡಿದು ಕಾಲು ಹೊರಗೆಳೆದು ಉಣ್ಣೆಯ ಚಪ್ಪಲಿಯನ್ನು ಇನ್ನೊಂದು ಕಾಲಿಂದ ಮಗುಚಿದಳು. ರಸ್ಕು. ಮತ್ತೆ ರಸ್ಕು. ಒಂದೇ ಒಂದು ಮೂಲೆ ಕಚ್ಚಿದ್ದು, ಇಲಿಹಲ್ಲಿನ ಗುರುತು ಸಾಲಾಗಿ, ಮಿಕ್ಕದ್ದನ್ನು ಜೋಪಾನವಾಗಿ ಹಿಮ್ಮಡಿ ಕೂರುವ ಜಾಗದಲ್ಲೇ ಇಟ್ಟದ್ದು. ನಿನ್ನೆ ಕೋಟಿನ ಜೇಬಿನಲ್ಲಿ, ಮೊನ್ನೆ ದಿಂಬಿನ ಕೆಳಗೆ, ಅದಕ್ಕೂ ಮೊದಲು ಆಸ್ಪತ್ರೆಗೆಂದು ತುಂಬಿಟ್ಟ ಬ್ಯಾಗಿನಲ್ಲಿ, ಇನ್ನೂ ಹುಟ್ಟಿಲ್ಲದವರ ಟೋಪಿಯೊಳಗೆ. ಇಲಿ ಸಾಕಿದ್ದೀವಾ ಮನೇಲಿ ಅಂತ ಗಂಡ, ತಿನ್ನೋ ವಸ್ತೂನ ಹೀಗೆ ಕಂಡಕಂಡಲ್ಲಿ ಎಸೀತಾಳಲ್ಲ ಅಂತ ಅತ್ತೆ, ಎಸೆದದ್ದೆಲ್ಲ ಸೇರಿ ಡಬ್ಬಿ ಖಾಲಿಯಾಗಿ ಈಗ ಅತ್ತೆಯೇ ಬೇಕರಿಗೆ ಹೋಗಿದ್ದಾರೆ, ಮಫ್ಲರು ಸುತ್ತಿಕೊಂಡು ಕಣ್ಣೆರಡನ್ನು ಮಾತ್ರ ಬಿಟ್ಟುಕೊಂಡು, ಬ್ಯಾಂಕು ದೋಚಲು ಹೊರಟವರ ಹಾಗೆ.

ಯಾರು ಇಟ್ಟದ್ದು ಅಂತ ಬೇರೆ ಕೇಳಬೇಕೇ, ಇಟ್ಟವಳು ಊಟದ ಮೇಜಿನ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದಾಳೆ, ಅದೇ ಈಗ ಅವಳ ಮನೆ, ಕುರ್ಚಿಯ ಕಾಲುಗಳೇ ಬಾಗಿಲು, ಎರಡೂವರೆ ವರ್ಷದ ಮಗಳು, ಚಿಲ್ರೆ. ಆ ಹೆಸರು ಗಂಡನದು, ಹುಟ್ಟಿದ ದಿನ ನರ್ಸು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಾಗ, ಬಸ್ ಕಂಡಕ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ, ಇಷ್ಟೇನಾ, ಇಷ್ಟು ದಿನ ಕಾಯಿಸಿ ಚಿಲ್ರೆ ಕೊಟ್ಟಂಗಿದೆಯಲ್ಲೇ ಅಂದಿದ್ದ, ಅಂದು ಬಿಕ್ಕಿಬಿಕ್ಕಿ ಅತ್ತೂ ಇದ್ದ. ಆ ಚಿಲ್ರೆ, ಅಮ್ಮನ ಕುತ್ತಿಗೆಗೆ ಜೋತುಬಿದ್ದೇ ಬೆಳೆದ ಚಿಲ್ರೆ, ಬಚ್ಚಲಿಗೆ ಹೋದರೂ ಬಾಗಿಲಾಚೆ ಕೂತು ಅಮ್ಮಾ ಅಮ್ಮಾ ಅಂತ ಬಡಿಯುತ್ತಿದ್ದ ಚಿಲ್ರೆ, ಈಗ ಅವಳನ್ನು ಕಂಡರೆ ಮೇಜಿನ ಕೆಳಗೆ ಓಡುತ್ತದೆ, ಮುದ್ದು ಕೊಡಲು ಹೋದರೆ ಕಿಟಾರನೆ ಕಿರುಚುತ್ತದೆ, ಮಡಿಲಿಗಂತೂ ಬರುವುದೇ ಇಲ್ಲ, ಮಡಿಲಾದರೂ ಎಲ್ಲಿದೆ, ಇದ್ದ ಜಾಗವನ್ನೆಲ್ಲ ಒಳಗಿರುವವರು ಆಕ್ರಮಿಸಿಕೊಂಡಾಗಿದೆ, ಮಂಡಿಯ ಹತ್ತಿರ ಒಂದು ಚೂರು ಉಳಿದಿದೆ, ಆ ಚೂರಿಗಾದರೂ ಬಂದು ಕೂತರೆ ಸಾಕು. ಒಂದೇ ಒಂದು ಸಲ. ದಿನ ತುಂಬಿ ಮೇಲಾಗಿದೆ, ಇವತ್ತೋ ನಾಳೆಯೋ ಬ್ಯಾಗು ಎತ್ತಿಕೊಂಡು ಹೊರಡಬೇಕು, ಹೊರಡುವ ಮೊದಲು ಒಂದು ಸಲ ಅವಳ ಕೆನ್ನೆ ತನ್ನ ಕೆನ್ನೆಗೆ ತಾಗಲಿ, ಆಮೇಲೆ ಬಂದಾಗ ಕೈಯಲ್ಲಿ ಇನ್ನೊಬ್ಬರಿರುತ್ತಾರೆ, ಆಮೇಲೆ ಕರೆದರೆ ಆ ಕರೆ ಬೇರೆ, ಈಗಿನ ಕರೆ ಬೇರೆ — ಹೀಗೇ ಮುನಿಸಿಕೊಂಡ ಮಗುವನ್ನು ಬಿಟ್ಟು ಹೋಗುವುದೆಂದರೆ ಅವಳಿಗೆ ಹೆರಿಗೆನೋವಿಗಿಂತ ಅದೇ ದೊಡ್ಡ ಹೆದರಿಕೆ. ಬಸ್ ನಿಲ್ದಾಣದ ಮೈಕಿನಲ್ಲಿ ಊರಿಗೆ ಊರನ್ನೇ ಕರೆದು ಬಸ್ಸು ಹತ್ತಿಸಿದ ಗಂಟಲು ಇದು, ಪ್ರಯಾಣಿಕರ ಗಮನಕ್ಕೆ ಎಂದರೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡುತ್ತಾರೆ, ಮೇಜಿನ ಕೆಳಗಿನ ಒಂದು ಗೇಣುದ್ದದ ಪ್ರಯಾಣಿಕಳು ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ.

ಹೊಟ್ಟೆಕಿಚ್ಚು ಕಣಮ್ಮ, ಬೇರೇನಲ್ಲ, ಎಂದು ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟಾಗಿದೆ, ಇವಳ ಅಪ್ಪನೂ ಹೀಗೇ, ತಮ್ಮ ಹುಟ್ತಾನೆ ಅಂದಿದ್ದಕ್ಕೆ ನನ್ನ ಹೊಸ ಕೊಡೇನ ಬಾವಿಗೆ ಹಾಕಿದ್ದ, ಅಂತ. ಪಕ್ಕದ ಮನೆಯವರೂ ಹೊಟ್ಟೆಕಿಚ್ಚು, ಹಾಲಿನವನೂ ಹೊಟ್ಟೆಕಿಚ್ಚು, ಎಲ್ಲರಿಗೂ ಅವಳ ಹೊಟ್ಟೆಯ ವಿಷಯ ಅವಳಿಗಿಂತ ಚೆನ್ನಾಗಿ ಗೊತ್ತು. ಪಾಪುವಿನ ಸುದ್ದಿ ಹೇಳಿದ ದಿನ ಎಷ್ಟು ಚೆನ್ನಾಗಿ ಹೇಳಿದ್ದಳು, ಕಂಬಳಿಯೊಳಗೆ ಇಬ್ಬರೇ, ಚಿಲ್ರೆಯ ಕೈಯನ್ನು ಹೊಟ್ಟೆಯ ಮೇಲಿಟ್ಟು, ಇಲ್ಲೊಂದು ಪಾಪು ಇದೆ ಗೊತ್ತಾ, ನಿನ್ನ ಜೊತೆ ಆಡೋ ಪಾಪು, ಒಳಗಡೆ ಇದೆ — ಚಿಲ್ರೆ ಹೊಟ್ಟೆಯನ್ನು ನೋಡಿತು, ಆಮೇಲೆ ಅವಳ ಬಾಯಿಯನ್ನು ನೋಡಿತು, ಮತ್ತೆ ಹೊಟ್ಟೆಯನ್ನು ನೋಡಿತು, ಎಷ್ಟು ಗಂಭೀರ, ಎಷ್ಟು ಜಾಣ ಅಂತ ಅವಳಿಗೆ ಮುದ್ದು ಉಕ್ಕಿ ಬಂದು, ಅಯ್ಯೋ ನನ್ನ ಬಂಗಾರ, ನಿನ್ನ ಹಾಗೇ ತಿಂದ್ಬಿಡ್ತೀನಿ ಅಂತ ಬಾಚಿಕೊಂಡದ್ದಕ್ಕೆ ಮಗು ಕೈಕೊಸರಿಕೊಂಡು ಓಡಿತು. ಮೊದಲೆಲ್ಲ ತಿಂದ್ಬಿಡ್ತೀನಿ ಅಂದರೆ ತಾನೇ ಅಂಗಿಯೆತ್ತಿ ಹೊಟ್ಟೆ ಒಡ್ಡಿ ಕಿಲಕಿಲ ನಗುತ್ತಿತ್ತು, ಕೆನ್ನೆ ಒಂದು ಗುಳುಂ, ಕಾಲು ಒಂದು ಗುಳುಂ, ಆ ಆಟವೇ ಬೇಡವಾಗಿದೆ ಈಗ. ಆಮೇಲೆ ಹಾಲಿನ ಗಲಾಟೆ, ಮಗು ಬೇಕೆಂದೇ ಬೀಳಿಸಿತೋ ಕೈತಪ್ಪಿತೋ, ಅತ್ತೆಯ ಹೊಸ ಶಾಲಿನ ಮೇಲೆ ಲೋಟ ಹಾಲು, ಅವಳಿಗೆ ರೇಗಿಹೋಗಿ ಏಟು ತಿಂತೀಯ ನೋಡು ಎಂದು ಕೂಗಿದಳು, ಕೂಗಿದ್ದು ತಪ್ಪೇ, ಬೆನ್ನು ಮುರಿದುಹೋಗುತ್ತಿತ್ತು ಆವತ್ತು, ಅತ್ತೆ ಅಡ್ಡ ಬಂದು ಮಗುವನ್ನು ಹಿಂದಕ್ಕೆ ಸರಿಸಿ, ಹೋಗ್ಲಿ ಬಿಡಮ್ಮ, ಏನೋ ಮಗು, ಹೊಟ್ಟೆಗೆ ಹಾಕ್ಕೋ ಅಂದರು. ಅಷ್ಟೇ, ಚಿಲ್ರೆ ಬಾಯಿ ತೆರೆದು ಒಂದು ಸಲ ಅಜ್ಜಿಯನ್ನು ನೋಡಿತು, ಒಂದು ಸಲ ಅವಳನ್ನು, ಬಿಟ್ಟಿತು ನೋಡಿ ಓಟ, ಮೇಜಿನ ಕೆಳಗೆ ಸೇರಿದ್ದು, ಹಾಕ್ಕೋಬೇಡ ಹಾಕ್ಕೋಬೇಡ ಅಂತ ಅತ್ತು ಅತ್ತು ಬಿಕ್ಕಳಿಕೆ ಬಂತು. ನೋಡಿದ್ಯಾ ಎಷ್ಟು ಹಟ ಅಂತ ಅತ್ತೆ, ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ಟೋಪಿ ತೆಗೆದಿಟ್ಟು, ಅಬ್ಬಾ, ಇವತ್ತು ಡಿಪೋ ಮ್ಯಾನೇಜರು ನನ್ನ ತಲೆ ಪೂರ್ತಿ ತಿಂದ್ಬಿಟ್ಟ ಕಣೇ ಎಂದು ಕುರ್ಚಿಗೆ ಬಿದ್ದರೆ, ಮೇಜಿನ ಕೆಳಗಿಂದ ಮೆಲ್ಲಗೆ ಹೊರಬಂದು, ಅವನ ತೊಡೆ ಹತ್ತಿ, ತಲೆಯನ್ನು ಸುತ್ತಲೂ ಮುಟ್ಟಿ ಮುಟ್ಟಿ ನೋಡಿತಲ್ಲ. ನೋಡ್ರೀ ನಿಮ್ಮ ಮೇಲೆ ಎಷ್ಟು ಕರುಣೆ, ನಾನು ಏನು ಪಾಪ ಮಾಡಿದ್ದೀನೋ ಅಂತ ಅವಳಿಗೆ ಅಳುವೇ ಬಂತು.

ಕರುಣೆ ಇಲ್ಲ ಅಂತಲೂ ಹೇಳುವ ಹಾಗಿಲ್ಲ, ದೂರದಿಂದಲೇ ವಿಚಾರಿಸಿಕೊಳ್ಳುತ್ತಾಳೆ, ಬೆಳಿಗ್ಗೆ ಎದ್ದ ತಕ್ಷಣ ಬಾಗಿಲ ಮರೆಯಿಂದ ತಲೆ ಹಾಕಿ, ಅಮ್ಮ, ಹೊಟ್ಟೆ ತುಂಬ್ತಾ, ಮಧ್ಯಾಹ್ನ ತಟ್ಟೆ ತೊಳೆಯುವಾಗ ಮತ್ತೆ, ಅಮ್ಮ, ಹೊಟ್ಟೆ ತುಂಬ್ತಾ — ಹೆತ್ತ ತಾಯಿ ಬಿಟ್ಟರೆ ಈ ಭೂಮಿಯ ಮೇಲೆ ಅವಳನ್ನು ಹಾಗೆ ಕೇಳಿದವರು ಯಾರು, ಮನಸ್ಸು ಬೆಣ್ಣೆಯಾಗಿ, ಎಲ್ಲಿ ತುಂಬ್ತು ಕಂದಾ, ನಿನ್ನ ತಿಂದ್ರೇನೇ ನನಗೆ ಹೊಟ್ಟೆ ತುಂಬೋದು, ಬಾ ಇಲ್ಲಿ ಎಂದು ಕೈಚಾಚುತ್ತಾಳೆ, ಕೈಚಾಚಿದಷ್ಟೂ ಮಗು ಹಿಂದೆ. ಬಚ್ಚಲಿನ ಬಾಗಿಲಿಗೂ ಈಗ ಅಳಲು ಬರುವುದಿಲ್ಲ, ಕಾವಲು ಬರುತ್ತದೆ, ಅವಳು ಹೊರಬಂದ ಕೂಡಲೇ ಪಕ್ಕಕ್ಕೆ ಸರಿದು, ಬಂತಾ ಅಂತ ಕೇಳುತ್ತದೆ, ಏನು ಬಂತಾ ಅಂದರೆ, ಪಾಪು ಬಂತಾ, ಇನ್ನೂ ಇಲ್ಲ ಅಂದರೆ ನಂಬದೆ ಒಳಗೆ ಹೋಗಿ ಬಗ್ಗಿ ನೋಡಿ ಬರುತ್ತದೆ. ಇದಕ್ಕೆಲ್ಲ ಆ ಗುಂಡಿಯೇ ಕಾರಣವಿರಬೇಕು. ಗಂಡನ ಸಮವಸ್ತ್ರದ ಕೋಟಿನ ಹಿತ್ತಾಳೆ ಗುಂಡಿ, ತನ್ನ ಕೋಟು ಯಾವುದೂ ಹೊಟ್ಟೆಗೆ ಸಾಲದೆ ಅವಳು ಅವನ ಹಳೇ ಕೋಟು ಹಾಕಿಕೊಂಡು ಓಡಾಡುತ್ತಿದ್ದಳು, ಅದೂ ಎಷ್ಟೆಂದು ತಡೆದೀತು, ಒಂದು ದಿನ ಕೂತಲ್ಲೇ ಟಪ್ ಎಂದು ಹಾರಿ ಉರುಳಿಕೊಂಡು ಹೋಯಿತು, ಚಿಲ್ರೆ ಎತ್ತಿ ಬಾಯಿಗೆ ಹಾಕಿಕೊಂಡಿತು. ಉಗಿ, ಎಂದು ಅವಳು ಅಂಗೈಯನ್ನು ಬಟ್ಟಲು ಮಾಡಿ ಮಗುವಿನ ಗಲ್ಲದ ಕೆಳಗೆ ಹಿಡಿದಳು, ದಿನಕ್ಕೆ ಹತ್ತು ಸಲ ಹಿಡಿಯುವ ಅಂಗೈ ಅದು, ಸೋಪಿಗೆ, ಬಣ್ಣದ ಕಡ್ಡಿಗೆ, ಅತ್ತೆಯ ಮಾತ್ರೆಗೆ, ಉಗಿ, ಥೂ ಮಾಡು, ಈಗ್ಲೇ, ಅಮ್ಮನ ಕೈಗೆ ಹಾಕು, ಉಳಿದದ್ದೆಲ್ಲ ಜೊಲ್ಲಿನ ಸಮೇತ ಆ ಅಂಗೈಗೆ ಬಂದದ್ದೇ, ಗುಂಡಿಯೊಂದು ಮಾತ್ರ ಗುಳುಂ ಎಂದು ಒಳಗೆ ಹೋಯಿತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ ನಗುತ್ತಾ, ಗಾಬರಿ ಬೇಡ, ಹೊಟ್ಟೆಗೆ ಹೋಗಿದ್ದು ತಾನಾಗೇ ಬರುತ್ತೆ, ಕಾಯ್ತಾ ಇರಿ ಅಂದರು. ಕಾದರು. ಮನೆಮಂದಿಯೆಲ್ಲ ಮಗು ಕಕ್ಕಸಿಗೆ ಕೂರುವ ಪಾಟಿಯ ಸುತ್ತ ನಿಂತು ಕಾದರು, ಬಂದಾಗ ಅತ್ತೆ ಚಪ್ಪಾಳೆ ತಟ್ಟಿದರು, ಗಂಡ ಅದನ್ನು ತೊಳೆದು ಬಿಸಿನೀರಿಗೆ ಹಾಕಿ ಮತ್ತೆ ಕೋಟಿಗೆ ಹೊಲಿದುಕೊಂಡ, ಸರ್ಕಾರಿ ಆಸ್ತಿ ಅಂದ. ಮೊನ್ನೆ ತಪಾಸಣೆಗೆ ಹೋದಾಗ ಹೆರಿಗೆ ಡಾಕ್ಟರಮ್ಮನೂ ಅದೇ ಮಾತು, ತಾನಾಗೇ ಬರುತ್ತೆ, ಕಾಯ್ತಾ ಇರಿ, ಮಗು ಅಪ್ಪನ ತೋಳಿನಿಂದ ಇಣುಕಿ ಕೇಳಿಸಿಕೊಂಡಿತ್ತು.

ಪ್ರಯಾಣಿಕರ ಗಮನಕ್ಕೆ, ಬರಬೇಕಾಗಿದ್ದ ಬಸ್ಸು ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಆಗಿರುವ ತೊಂದರೆಗೆ ವಿಷಾದಿಸುತ್ತೇವೆ — ಹೀಗೆ ಎಷ್ಟು ಜನಕ್ಕೆ ಹೇಳಿಲ್ಲ ಅವಳು, ವಿಷಾದ ಎನ್ನುವಾಗ ಒಂದು ದಿನವಾದರೂ ವಿಷಾದಪಟ್ಟಿದ್ದುಂಟೇ, ಗಂಡನ ಪರಿಚಯವಾದದ್ದೂ ಹಾಗೇ, ಮೇಡಂ, ನನ್ನ ಬಸ್ಸು ಬಂದು ಅರ್ಧ ಗಂಟೆ ಆಯ್ತು, ನೀವಿನ್ನೂ ವಿಷಾದಿಸ್ತಾನೇ ಇದ್ದೀರಲ್ಲ ಎಂದು ಕಿಟಕಿಗೆ ಬಂದು ಜಗಳ ಆಡಿದ್ದ. ರಸ್ಕಿನ ಪುಡಿ ಹಾಗೇ ಬಿಟ್ಟರೆ ಇರುವೆ, ಗುಡಿಸಬೇಕು, ಬಗ್ಗುವ ಹಾಗಿಲ್ಲ, ಕೂತು ಗುಡಿಸಬೇಕು, ಕೂತರೆ ಮೇಜಿನ ಕೆಳಗಿನವಳ ಮುಖವೂ ಕಾಣುತ್ತದೆ, ಒಂದೇ ಕೂರುವಿಕೆಯಲ್ಲಿ ಎರಡು ಕೆಲಸ. ಕುರ್ಚಿಯ ಬೆನ್ನು ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಮಂಡಿಯನ್ನು ಹುಡುಕಿ ಊರಿ, ಅಮ್ಮಾ ಅಂತ ಕುಕ್ಕರಿಸಿದಳು, ಕೂತಾಯಿತು, ನೆಲ ಮಂಜುಗಡ್ಡೆ, ಕಿಟಕಿಯ ಗಾಜಿಗೆಲ್ಲ ಉಸಿರು ಹಿಡಿದಿದೆ, ಬಿಸಿಲು ಒಂದೇ ಒಂದು ತುಂಡು ಬಿದ್ದಿದೆ ಚಾಪೆಯಷ್ಟಗಲ, ಅದೂ ಮೇಜಿನ ಆ ಕಡೆ. ಈಗ ಏಳುವುದು ಹೇಗೆ. ಅದನ್ನು ಕೂರುವ ಮೊದಲು ಯೋಚಿಸಬೇಕಿತ್ತು. ಗಂಡ ಇದ್ದಿದ್ದರೆ ಕಂಕುಳಿಗೆ ಕೈಹಾಕಿ ಎತ್ತಿ, ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಜಾಗ ಇದೆ ಅನ್ನುತ್ತಿದ್ದ, ಅವನು ಈ ಹೊತ್ತಿಗೆ ಯಾವ ಸೇತುವೆಯ ಮೇಲೆ ಸೀಟಿ ಊದುತ್ತಿದ್ದಾನೋ, ಫೋನು ಮೇಜಿನ ಮೇಲೆ, ಮೇಜು ತಲೆಯ ಮೇಲೆ, ಅತ್ತೆ ಬೇಕರಿಯವನ ಹತ್ತಿರ ಹೋದ ವಾರದ ರಸ್ಕು ಮೆತ್ತಗಿತ್ತು ಎಂದು ಜಗಳ ತೆಗೆದರೆ ಬರುವುದು ಮಧ್ಯಾಹ್ನವೇ. ಕುರ್ಚಿಕಾಲುಗಳ ನಡುವೆ ಎರಡು ಕಣ್ಣು ಅವಳನ್ನೇ ನೋಡುತ್ತಿವೆ, ಕೈಯಲ್ಲಿ ಇನ್ನೊಂದು ರಸ್ಕು, ಡಬ್ಬಿಯ ಕೊನೆಯದ್ದಿರಬೇಕು. ಬಾರೇ ಚಿನ್ನ, ಅಮ್ಮ ಬೀಳ್ತಾ ಇದ್ದೀನಿ ನೋಡು, ಎಬ್ಬಿಸ್ತೀಯಾ, ಎಂದಳು, ತಲೆ ಅಲ್ಲಾಡಿತು, ಇಲ್ಲ. ಕೋಪ ಬಂತು ಅವಳಿಗೆ, ನಿಜವಾದ ಕೋಪ, ಇಷ್ಟು ವರ್ಷ ಎದೆಯ ಮೇಲೆ ಮಲಗಿಸಿಕೊಂಡದ್ದಕ್ಕೆ ಇದೇನಾ, ನೀನು ಬರದಿದ್ದರೆ ಅಷ್ಟೇ ಹೋಯಿತು, ನಾನೂ ಹೊರಟೆ ಅಂದುಕೊಳ್ಳುವಷ್ಟರಲ್ಲಿ —

ಸೊಂಟದಿಂದ ಹೊರಟಿತು, ಹಗ್ಗ ಬಿಗಿದ ಹಾಗೆ ಸುತ್ತಿಕೊಂಡು ಮುಂದಕ್ಕೆ ಬಂದು ಹೊಟ್ಟೆಯೆಲ್ಲ ಕಲ್ಲಾಯಿತು, ಅಯ್ಯಯ್ಯೋ ಅಂತ ಕುರ್ಚಿ ಹಿಡಿದಳು, ಇದು ಸುಮ್ಮನೆ ಬರುವ ನೋವಲ್ಲ, ಇದು ಗೊತ್ತು, ಹಿಂದೊಂದು ಸಲ ನೋಡಿದ ಮುಖ, ಬಸ್ಸು ಬಂದೇ ಬಿಟ್ಟಿತು, ಈಗಲೇ ಬರಬೇಕಿತ್ತೇ, ಇವಳೊಬ್ಬಳು ಮಡಿಲಿಗೆ ಬರುವ ತನಕ ತಡೆಯಬಾರದಿತ್ತೇ, ಉಸಿರು ಬಿಡಬೇಕು, ಎಣಿಸಬೇಕು ಅಂದಿದ್ದರು ಡಾಕ್ಟರಮ್ಮ, ಎಣಿಕೆ ಎಲ್ಲಿ ನೆನಪಾಗುತ್ತದೆ, ಬಾಯಿ ತೆರೆದುಕೊಂಡೇ ಇದೆ, ಹಾ ಹಾ ಎಂದು ಹೊಗೆಯಂಥ ಉಸಿರು ಹೊರಬರುತ್ತಿದೆ. ಮೇಜಿನ ಕೆಳಗಿಂದ ಒಂದು ಸಣ್ಣ ದನಿ, ಅಮ್ಮ, ಪಾಪು ಕಚ್ತಾ. ಹೂಂ ಕಣಮ್ಮ, ಕಚ್ಚಿದ ಹಾಗೇ ಇದೆ. ಕಣ್ಣೆರಡೂ ಅವಳ ತೆರೆದ ಬಾಯಿಯ ಮೇಲೆ. ಆಮೇಲೆ, ಉಗಿ. ಏನು ಪುಟ್ಟಾ. ಉಗಿ, ಅಮ್ಮ. ಏನ್ ಉಗೀಲಿ, ನನ್ನ ಬಾಯಲ್ಲೇನೂ ಇಲ್ಲವಲ್ಲ ಎಂದು ಬಾಯಿ ತೆರೆದು ತೋರಿಸಿದಳು. ಪಾಪೂನ ಉಗಿ, ಎಂದಿತು ಚಿಲ್ರೆ, ಪಾಪೂನ ತಿನ್ಬಾರ್ದು, ಥೂ ಮಾಡು.

ಯಾವ ಪಾಪೂನ ನಾನು — ಅಂದವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. ತಿಂದ್ಬಿಡ್ತೀನಿ. ಹೊಟ್ಟೇಲಿ ಪಾಪು ಇದೆ. ನಿನ್ನ ತಿಂದ್ರೇನೇ ನನಗೆ ಹೊಟ್ಟೆ ತುಂಬೋದು. ಹೊಟ್ಟೆಗೆ ಹಾಕ್ಕೋ. ಅಯ್ಯೋ ರಾಮ, ಅಜ್ಜಿ ಶಿಫಾರಸು ಮಾಡಿದ್ದು ಮಗುವಿನ ಎದುರಿಗೇ, ಹೊಟ್ಟೆಗೆ ಹಾಕ್ಕೋ ಅಂತ, ಬಿಟ್ಟರೆ ಹಾಕ್ಕೊಂಡೇ ಬಿಡುತ್ತಿದ್ದಳು ಅಮ್ಮ, ಈ ಮನೆಯಲ್ಲಿ ಯಾರು ಏನನ್ನು ತಿನ್ನುವುದಿಲ್ಲ, ಒಬ್ಬರು ಏಟು ತಿನ್ನಿಸುತ್ತಾರೆ, ಒಬ್ಬರ ತಲೆಯನ್ನು ಮ್ಯಾನೇಜರು ತಿನ್ನುತ್ತಾನೆ, ಮಗು ಪಾಪ ಮುಟ್ಟಿ ನೋಡಿತ್ತು ಎಷ್ಟು ಉಳಿದಿದೆ ಅಂತ, ಹೊಟ್ಟೆಗೆ ಹೋದದ್ದು ಹೊರಬರುವ ದಾರಿಯೂ ಅದಕ್ಕೆ ಗೊತ್ತು, ಗುಂಡಿ ಬಂದ ದಾರಿ, ಅದಕ್ಕೇ ಬಚ್ಚಲಿನ ಕಾವಲು. ಹೊಟ್ಟೆಕಿಚ್ಚಂತೆ ಹೊಟ್ಟೆಕಿಚ್ಚು, ಯಾರ ಹೊಟ್ಟೆಗೆ ಬಿತ್ತು ಕಿಚ್ಚು. ಮತ್ತೆ ರಸ್ಕು — ಚಪ್ಪಲಿಯಲ್ಲಿ, ಜೇಬಿನಲ್ಲಿ, ದಿಂಬಿನಲ್ಲಿ, ಅಮ್ಮ ಕಾಲಿಡುವ ಕಡೆ, ಕೈಹಾಕುವ ಕಡೆ, ತಲೆಯಿಡುವ ಕಡೆ, ಚೆನ್ನಾಗಿದೆಯೋ ಇಲ್ಲವೋ ಅಂತ ತಾನೊಂದು ಚೂರು ರುಚಿ ನೋಡಿ, ಇದನ್ನಾದರೂ ತಿಂದು ಅಮ್ಮನ ಹೊಟ್ಟೆ ತುಂಬಲಿ, ನನ್ನನ್ನು ಬಿಡಲಿ ಅಂತ. ನಗು ಬಂತು ಅವಳಿಗೆ, ನೋವಿನ ಮೇಲೇ ನಗು ಬಂತು, ಹೊಟ್ಟೆ ಕುಲುಕಿ ಇನ್ನಷ್ಟು ನೋವು, ನಗುತ್ತಲೇ ಕಣ್ಣಲ್ಲಿ ನೀರು, ಇಷ್ಟು ದಿನ ರಾಕ್ಷಸಿಯ ಜೊತೆ ಒಂದೇ ಮನೆಯಲ್ಲಿ ಬದುಕಿದೆಯಲ್ಲೇ ನನ್ನ ಚಿಲ್ರೆ, ಅಪ್ಪನಿಗೂ ದೂರು ಹೇಳದೆ, ಸುಮ್ಮನೆ ರಸ್ಕು ಇಟ್ಟುಕೊಂಡು. ತಿಂದಿಲ್ಲ ಕಣೇ ಕಂದಾ, ಅಮ್ಮ ಪಾಪೂನ ತಿಂದಿಲ್ಲ, ಎಂದಳು. ಮತ್ತೆ ಒಳಗೆ ಹೇಗೆ ಹೋಯ್ತು ಎನ್ನುವ ಹಾಗೆ ನೋಡಿತು ಮಗು. ಅದೊಂದು ಪ್ರಶ್ನೆ. ಅದನ್ನು ಈ ನೋವಿನಲ್ಲಿ, ಈ ನೆಲದ ಮೇಲೆ, ಎಲ್ಲಿಂದ ಶುರುಮಾಡಿ ಹೇಳುವುದು.

ಕುರ್ಚಿ ಸರಿಯಿತು. ಬರುತ್ತಿದೆ. ಒಂದು ಹೆಜ್ಜೆ ಇಟ್ಟು ನಿಂತಿತು, ಅವಳ ಹಲ್ಲನ್ನು ನೋಡಿತು, ಅವಳು ಬಾಯಿ ಮುಚ್ಚಿಕೊಂಡಳು, ನೋವು ಒತ್ತಿ ಬಂದರೂ ತುಟಿ ಬಿಗಿದಳು, ಇನ್ನೊಂದು ಹೆಜ್ಜೆ, ಮುಖವೆಲ್ಲ ಮೂಗಿನ ನೀರು, ಕಾಲ್ಚೀಲ ಒಂದು ಕಾಲಿಗಷ್ಟೇ ಇದೆ, ಇನ್ನೊಂದು ಎಲ್ಲಿ ಹೋಯಿತು, ಈ ಚಳಿಯಲ್ಲಿ ಬರಿಗಾಲು, ಬೈಯಬೇಕು, ಬೈಯುವುದು ಆಮೇಲೆ — ಕೊನೆಯ ರಸ್ಕನ್ನು ಮೊದಲು ನೀಟಾಗಿ ಅವಳ ಪಕ್ಕ ನೆಲದ ಮೇಲಿಟ್ಟಿತು, ಹಸಿವಿದ್ದರೆ ಇರಲಿ ಅಂತ, ಆಮೇಲೆ ಮಂಡಿಯ ಹತ್ತಿರ ಉಳಿದಿದ್ದ ಆ ಚೂರು ಮಡಿಲಿನ ಮೇಲೆ ಒಂದು ಮೊಣಕಾಲು ಊರಿ ಹತ್ತಿತು, ಬಂತು, ಮಡಿಲಿಗೆ ಬಂತು, ತನ್ನನ್ನು ತಿಂದುಬಿಡುವವಳ ಬಾಯಿಯ ಬುಡಕ್ಕೇ ಬಂತು, ಹೆದರಿ ಸಾಯುತ್ತಲೇ ಬಂತು, ತನಗಾಗಿ ಅಲ್ಲ, ಒಳಗಿರುವ ಪಾಪುವಿಗಾಗಿ, ಇನ್ನೂ ಮುಖ ನೋಡದ ಪಾಪುವಿಗಾಗಿ. ಅಪ್ಪಿಕೊಳ್ಳಬೇಕು, ಕೈ ಏಳುತ್ತಿಲ್ಲ, ಅಪ್ಪಿದರೆ ಎಲ್ಲಿ ಬೆದರಿ ಓಡುತ್ತದೋ ಅಂತ ಮೈ ಅಲುಗಿಸದೆ ಕೂತಿದ್ದಾಳೆ, ಹೊರಗೆ ಬೀಗದಲ್ಲಿ ಕೀಲಿಕೈ ತಿರುಗುತ್ತಿದೆ, ಅತ್ತೆಯ ಕೆಮ್ಮು, ಫೋನು ಮಾಡಬೇಕು, ಬ್ಯಾಗು ಎತ್ತಬೇಕು, ಬಸ್ಸು ಹೊರಡಲು ಸಿದ್ಧವಾಗಿದೆ, ಇನ್ನೊಂದು ನೋವು ಸೊಂಟದಲ್ಲಿ ಆಗಲೇ ಕದಲುತ್ತಿದೆ, ಏನು ಹೇಳಲಿ, ಯಾವ ಮಾತಿನಲ್ಲಿ ಹೇಳಲಿ, ಈಗ್ಲೇ, ಎನ್ನುತ್ತಿದೆ ಮಗು, ಅವಳದೇ ದನಿಯಲ್ಲಿ, ಅವಳದೇ ಗದರಿಕೆಯಲ್ಲಿ, ಥೂ ಮಾಡು, ನನ್ನ ಕೈಗೆ ಹಾಕು, ಅವಳ ಗಲ್ಲದ ಕೆಳಗೆ ಅಂಗೈ, ಬಟ್ಟಲು ಮಾಡಿದ ಅಂಗೈ, ಗೆರೆಗಳಿಗೆಲ್ಲ ರಸ್ಕಿನ ಪುಡಿ ಅಂಟಿದ್ದು, ಒಂದು ಗುಂಡಿ ಹಿಡಿಯುವುದೇ ಕಷ್ಟ ಅದರಲ್ಲಿ, ಹಿಂದಕ್ಕೆ ಮಾತ್ರ ತೆಗೆಯುತ್ತಿಲ್ಲ, ಗಲ್ಲದ ಕೆಳಗೆ ಆ ಅಂಗೈ, ಆ ಪುಟ್ಟ ಅಂಗೈ —